ಹಳೆಯ ಚೀಟಿಯಲ್ಲಿ 'ಲಿಮ್ನೆಫಿಲಿಡೇ' ಎಂದಿದ್ದರೆ ಈಗ ಯಾವ ಕುಟುಂಬಕ್ಕೆ ಸೇರಿಸುವುದು?

ಪೆಟ್ಟಿಗೆಪಟ್ಟಿ:
ಯುರೋಪ್ ಮತ್ತು ಉತ್ತರ ಅಮೆರಿಕದ ಕ್ಯಾಡಿಸ್ ನೊಣಗಳು (ಲಾರ್ವಾ ಸಾಮಾನ್ಯವಾಗಿ ನೀರಿನಲ್ಲಿ, ಹಲವು ತಾವೇ ಕಟ್ಟಿದ ಗೂಡಿನಲ್ಲಿ ಬೆಳೆಯುವ ಕೀಟಗಳು) ಇರುವ ಹಳೆಯ ಸಂಗ್ರಹವೊಂದರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕಾಗಿದೆ. ಸೂಜಿ ಚುಚ್ಚಿದ ಒಣ ನೊಣಗಳೂ ಇವೆ, ಆಲ್ಕೋಹಾಲಿನಲ್ಲಿಟ್ಟ ಲಾರ್ವಾಗಳೂ ಇವೆ. ಬಹುಪಾಲು ಚೀಟಿಗಳಲ್ಲಿ 'ಲಿಮ್ನೆಫಿಲಿಡೇ' ಎಂದಷ್ಟೇ ಇದೆ, ಕೆಲವದರಲ್ಲಿ 'ಲಿಮ್ನೋಫಿಲಿಡೇ'. ಅಪಟಾನಿಯಾ, ನಿಯೋಫೈಲಾಕ್ಸ್, ಗೋಯೆರಾ ಕುಲಗಳೆಲ್ಲವೂ ಇದೇ ಪೆಟ್ಟಿಗೆಯಲ್ಲಿವೆ. ಹೊಸ ಪಟ್ಟಿಗಳಲ್ಲಿ ಇವು ಬೇರೆ ಬೇರೆ ಕುಟುಂಬಗಳಲ್ಲಿವೆ.

ಯಾವುದನ್ನು ಹೊರಗೆ ತೆಗೆಯಬೇಕು? ಉಳಿದವುಗಳನ್ನು ಉಪಕುಟುಂಬ, ಟ್ರೈಬ್ (ಉಪಕುಟುಂಬಕ್ಕೂ ಕುಲಕ್ಕೂ ನಡುವಿನ ಹಂತ) ಮಟ್ಟದವರೆಗೆ ವಿಂಗಡಿಸುವುದು ಎಷ್ಟರ ಮಟ್ಟಿಗೆ ಸಾಧ್ಯ? ಡಿಎನ್ಎ ಮಾಡಿಸಿದರೆ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆಯೇ?

ಹೊಳೆಗಲ್ಲು:
ನೊಣಕ್ಕಿಂತ ಮೊದಲು ಚೀಟಿಯ ಇಸವಿ ನೋಡಿ. ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಈ ಗುಂಪಿನ ಈಗಿನ ಚೌಕಟ್ಟು ಬಹುಮಟ್ಟಿಗೆ ಕೀಟತಜ್ಞ ಫರ್ನಾಂಡ್ ಶ್ಮಿಡ್ 1955ರಲ್ಲಿ ಹಾಕಿಕೊಟ್ಟದ್ದು. ಗಂಡಿನ ಜನನಾಂಗ ಮತ್ತು ರೆಕ್ಕೆಯ ನರವಿನ್ಯಾಸ ಅವರ ಮುಖ್ಯ ಆಧಾರ. ಆಗ ಕುಟುಂಬ ಬಹಳ ಅಗಲವಾಗಿತ್ತು. ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನ ಗ್ಲೆನ್ ವಿಗಿನ್ಸ್ ಉತ್ತರ ಅಮೆರಿಕದ ಲಾರ್ವಾಗಳ ಬಗ್ಗೆ 1977ರಲ್ಲಿ ಬರೆದ ಕೈಪಿಡಿಯಲ್ಲೂ ಅಪಟಾನಿನೇ, ಗೋಯೆರಿನೇ, ನಿಯೋಫೈಲಾಸಿನೇ ಎಲ್ಲ ಲಿಮ್ನೆಫಿಲಿಡೇಯ ಉಪಕುಟುಂಬಗಳೇ. ಅದೇ ಕೈಪಿಡಿಯ 1996ರ ಆವೃತ್ತಿ ತೆರೆದರೆ ಅಪಟಾನಿಡೇ, ಗೋಯೆರಿಡೇ, ಯೂನೋಯಿಡೇ, ರೋಸಿಯಾನಿಡೇ ಎಂದು ನಾಲ್ಕು ಪ್ರತ್ಯೇಕ ಕುಟುಂಬಗಳು ಸಿಗುತ್ತವೆ. ಆದ್ದರಿಂದ ಅಮೆರಿಕದ ಚೀಟಿ 1996ಕ್ಕಿಂತ ಹಿಂದಿನದಾದರೆ 'ಲಿಮ್ನೆಫಿಲಿಡೇ' ಎಂದರೆ ಅಗಲ ಅರ್ಥ ಎಂದೇ ಹಿಡಿಯಿರಿ.

ಹೊರಗೆ ತೆಗೆಯಬೇಕಾದವು:
ಅಪಟಾನಿಯಾ, ಅಲೋಮಿಯಾ: ಅಪಟಾನಿಡೇಗೆ.
ಗೋಯೆರಾ, ಸಿಲೋ, ಲಿಥಾಕ್ಸ್: ಗೋಯೆರಿಡೇಗೆ.
ರೋಸಿಯಾನಾ, ಗೋಯೆರೆಲಾ: ರೋಸಿಯಾನಿಡೇಗೆ. ಎರಡೂ ಉತ್ತರ ಅಮೆರಿಕದ ಪಶ್ಚಿಮ ಭಾಗದವು, ನಿಮ್ಮ ಪೆಟ್ಟಿಗೆಯಲ್ಲಿ ಇದ್ದರೆ ಅದೃಷ್ಟ.
ನಿಯೋಫೈಲಾಕ್ಸ್, ಒಲಿಗೋಫ್ಲೆಬೋಡೆಸ್, ಥ್ರೆಮ್ಮಾ: ಇಲ್ಲಿ ಸ್ವಲ್ಪ ತಕರಾರಿದೆ. 1988ರಲ್ಲಿ ಇವುಗಳನ್ನು ಯೂನೋಯಿಡೇಗೆ ಸೇರಿಸಿದರು. ಈಚಿನ ಪಟ್ಟಿಗಳು ಇವನ್ನು ಥ್ರೆಮ್ಮಾಟಿಡೇ ಎಂದು ಬೇರೆ ಇಟ್ಟು, ಯೂನೋವಾ, ನಿಯೋಥ್ರೆಮ್ಮಾ, ಫರೂಲಾ ಮುಂತಾದವನ್ನು ಮಾತ್ರ ಯೂನೋಯಿಡೇಯಲ್ಲಿ ಉಳಿಸುತ್ತವೆ. ಯಾವ ಪಟ್ಟಿ ಅನುಸರಿಸುತ್ತೀರೋ ಅದರ ಹೆಸರು ಒಂದು ಅಂಕಣದಲ್ಲಿ ಇರಲಿ.

'ಲಿಮ್ನೋಫಿಲಿಡೇ' ಬೇರೆ ಕುಟುಂಬವಲ್ಲ. ಪ್ರಾಣಿಶಾಸ್ತ್ರಜ್ಞ ಲೀಚ್ 1815ರಲ್ಲಿ ಕೊಟ್ಟ ಕುಲದ ಹೆಸರು ಲಿಮ್ನೆಫಿಲಸ್. ನಡುವೆ ಎಷ್ಟೋ ಲೇಖಕರು 'ನೆ'ಯನ್ನು 'ನೋ' ಮಾಡಿ ಬರೆದರು, ಶ್ಮಿಡ್ ಕೂಡ. ಹಳೆಯ ಸಾಹಿತ್ಯ ಹುಡುಕುವಾಗ ಎರಡನ್ನೂ ಹಾಕಿ ಹುಡುಕಿ.

ಸೂಜಿಮೊನೆ:
ಒಣ ನೊಣಗಳನ್ನು ಕುಟುಂಬದ ಮಟ್ಟದಲ್ಲಿ ಬೇರೆ ಮಾಡಲು ಜನನಾಂಗದವರೆಗೆ ಹೋಗಬೇಕಿಲ್ಲ. 20 ಪಟ್ಟು ದೊಡ್ಡದು ಮಾಡುವ ಸ್ಟೀರಿಯೋ ಸೂಕ್ಷ್ಮದರ್ಶಕದಲ್ಲಿ ಈ ಕ್ರಮದಲ್ಲಿ ನೋಡಿ.

ಮೊದಲು ನೆತ್ತಿ. ಲಿಮ್ನೆಫಿಲಿಡೇಯಲ್ಲಿ ಎರಡು ಸಂಯುಕ್ತ ಕಣ್ಣುಗಳ ನಡುವೆ ಮೂರು ಸರಳ ಕಣ್ಣುಗಳು ಇರುತ್ತವೆ. ಗೋಯೆರಿಡೇಯಲ್ಲಿ ಇಲ್ಲ. ಧೂಳು ಕೂತಿದ್ದರೆ ಕಾಣಿಸದೆ ಮೋಸವಾಗುತ್ತದೆ, ಆಲ್ಕೋಹಾಲಿನಲ್ಲಿ ಅದ್ದಿದ ಸಣ್ಣ ಕುಂಚದಿಂದ ನೆತ್ತಿ ಒರೆಸಿಕೊಳ್ಳಿ.

ಆಮೇಲೆ ಮ್ಯಾಕ್ಸಿಲರಿ ಪ್ಯಾಲ್ಪ್, ಅಂದರೆ ಬಾಯಿಯ ಪಕ್ಕದ ಗೆಣ್ಣುಳ್ಳ ಸ್ಪರ್ಶಾಂಗ. ಗಂಡಿನಲ್ಲಿ ಮೂರು ಗೆಣ್ಣು, ಹೆಣ್ಣಿನಲ್ಲಿ ಐದು. ಗಂಡಿನಲ್ಲಿ ನಾಲ್ಕು ಕಂಡರೆ ಅದು ಫ್ರಿಗಾನಿಡೇ, ಯಾರೋ ತಪ್ಪಾಗಿ ಈ ಪೆಟ್ಟಿಗೆಗೆ ಹಾಕಿದ್ದಾರೆ.

ಮೂರನೆಯದು ಕಾಲಿನ ಟಿಬಿಯಾ (ತೊಡೆಯ ನಂತರದ ಉದ್ದ ಗೆಣ್ಣು) ಮೇಲಿನ ಸ್ಪರ್‌ಗಳ ಲೆಕ್ಕ. ಮುಂಗಾಲು, ನಡುಗಾಲು, ಹಿಂಗಾಲು ಎಂಬ ಕ್ರಮದಲ್ಲಿ ಬರೆಯುವುದು ರೂಢಿ. ಲಿಮ್ನೆಫಿಲಿಡೇಯಲ್ಲಿ ಸಾಮಾನ್ಯವಾಗಿ 1-3-4. ಕೆಲವು ಕುಲಗಳಲ್ಲಿ ಇದಕ್ಕಿಂತ ಕಡಿಮೆ, ಹೆಚ್ಚು ಇರುವುದಿಲ್ಲ. 2-4-4 ಬಂದರೆ ಗೋಯೆರಿಡೇ ಅಥವಾ ಫ್ರಿಗಾನಿಡೇ ಕಡೆಗೆ ನೋಡಿ. ಸ್ಪರ್ ಮತ್ತು ಸಾಮಾನ್ಯ ಮುಳ್ಳು ಎರಡನ್ನೂ ಒಂದೇ ಎಂದು ಎಣಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಸ್ಪರ್ ದಪ್ಪ, ಬುಡದಲ್ಲಿ ಕೀಲಿನಂತೆ ಕೂತಿರುತ್ತದೆ, ಬಣ್ಣವೂ ಸಾಮಾನ್ಯವಾಗಿ ಬೇರೆ. ಕಪ್ಪು ಸಣ್ಣ ಮುಳ್ಳುಗಳು ಕಾಲುದ್ದಕ್ಕೂ ಇರುತ್ತವೆ, ಅವು ಲೆಕ್ಕಕ್ಕಿಲ್ಲ. ಒಂದು ಕಾಲಿನ ಸ್ಪರ್ ಮುರಿದಿರಬಹುದು, ಎರಡೂ ಬದಿ ನೋಡಿಯೇ ಬರೆಯಿರಿ.

ಅಪಟಾನಿಯಾದಲ್ಲಿ 1-2-4. ಜೊತೆಗೆ ಗಂಡಿನ ಕೆಳ ಉಪಾಂಗ (ಜನನಾಂಗದ ಕೆಳಗಿನ ಹಿಡಿಕೆಯಂಥ ಜೋಡಿ) ಅದರಲ್ಲಿ ಎರಡು ಗೆಣ್ಣಿನದು, ಲಿಮ್ನೆಫಿಲಿಡೇಯಲ್ಲಿ ಸಾಮಾನ್ಯವಾಗಿ ಒಂದೇ ಗೆಣ್ಣಿನದು. ಹೆಣ್ಣುಗಳೇ ಸಾಲಾಗಿ ಸಿಕ್ಕರೆ ಆಶ್ಚರ್ಯ ಬೇಡ. ಅಪಟಾನಿಯಾ ಮ್ಯುಲಿಯೆಬ್ರಿಸ್, ಅಪಟಾನಿಯಾ ಝೋನೆಲ್ಲಾ ಮುಂತಾದವು ಗಂಡಿಲ್ಲದೆಯೇ ಸಂತಾನ ಮುಂದುವರಿಸುತ್ತವೆ. ಗಂಡಿನ ಜನನಾಂಗದ ಮೇಲೆ ಕಟ್ಟಿದ ವರ್ಗೀಕರಣಕ್ಕೆ ಇಂಥವು ಸುಲಭಕ್ಕೆ ಬಗ್ಗುವುದಿಲ್ಲ.

ಗೂಡುಹುಳ:
ಲಾರ್ವಾ ಶೀಶೆಗಳ ಬಗ್ಗೆ ನಾನು ಬರೆಯುತ್ತೇನೆ. ಮೊದಲೇ ಒಂದು ಮಾತು: ಗೂಡು ನೋಡಿ ಕುಟುಂಬ ಬರೆಯಬೇಡಿ. ಈ ಒಂದೇ ಕುಟುಂಬದಲ್ಲಿ ಎಲೆಯ ಬಿಲ್ಲೆ ಕತ್ತರಿಸಿ ಜೋಡಿಸುವ ಗ್ಲೈಫೋಟೀಲಿಯಸ್ ಪೆಲ್ಯುಸಿಡಸ್ ಇದೆ, ಮರಳಿನ ಕೊಳವೆಗೆ ಉದ್ದನೆಯ ಕಡ್ಡಿ ಅಂಟಿಸುವ ಅನಬೋಲಿಯಾ ನರ್ವೋಸಾ ಇದೆ, ಬಸವನಹುಳುವಿನ ಚಿಪ್ಪನ್ನೇ ಅಂಟಿಸಿಕೊಳ್ಳುವ ಲಿಮ್ನೆಫಿಲಸ್ ಫ್ಲಾವಿಕಾರ್ನಿಸ್ ಇದೆ. ಡೈಕಾಸ್ಮೀಕಸ್ ಗಿಲ್ವಿಪೆಸ್ ಚಿಕ್ಕದಿರುವಾಗ ಸಸ್ಯದ ಚೂರುಗಳಿಂದ ಗೂಡು ಕಟ್ಟಿ, ಬೆಳೆದ ಮೇಲೆ ಕಲ್ಲಿನ ಚೂರಿಗೆ ಬದಲಾಗುತ್ತದೆ. ಗೂಡು ಪೂರಕ ಸಾಕ್ಷಿ ಅಷ್ಟೆ.

ಹುಳವನ್ನು ಗೂಡಿನಿಂದ ತೆಗೆಯುವಾಗ ತಲೆ ಹಿಡಿದು ಎಳೆಯಬಾರದು. ಹೊಟ್ಟೆಯ ಕೊನೆಯ ಕೊಕ್ಕೆಗಳು ಒಳಗೆ ಕಚ್ಚಿಕೊಂಡಿರುತ್ತವೆ, ಎಳೆದರೆ ಹೊಟ್ಟೆ ಹರಿದು ಕಿವಿರೆಲ್ಲ ಉದುರುತ್ತವೆ. ಸಣ್ಣ ಕತ್ತರಿಯಿಂದ ಗೂಡನ್ನು ಹಿಂದಿನಿಂದ ಮುಂದಕ್ಕೆ ಸೀಳಿ ಬಿಡಿಸಿ. ಸೀಳಿದ ಗೂಡನ್ನೂ ಅದೇ ಶೀಶೆಗೆ ಹಾಕಿ.

ಲಿಮ್ನೆಫಿಲಿಡೇ ಎಂದು ಹೇಳಲು ಈ ನಾಲ್ಕೂ ಒಟ್ಟಿಗೆ ಬೇಕು: ಮೀಸೆ (ಆಂಟೆನಾ) ಕಣ್ಣಿಗೂ ತಲೆಯ ಮುಂಅಂಚಿಗೂ ಸರಿಸುಮಾರು ನಡುವೆ ಇರಬೇಕು, ಮುಂಎದೆಯ ಕೆಳಗೆ ಕೊಂಬಿನಂಥ ಮೃದು ಚಾಚು ಇರಬೇಕು, ನಡುಎದೆಯ ಬೆನ್ನು ಎರಡು ದೊಡ್ಡ ಗಟ್ಟಿ ಫಲಕಗಳಿಂದ ಮುಚ್ಚಿರಬೇಕು, ಹೊಟ್ಟೆಯ ಮೊದಲ ಖಂಡದಲ್ಲಿ ಬೆನ್ನಿನ ಮೇಲೊಂದು, ಪಕ್ಕಗಳಲ್ಲಿ ಒಂದೊಂದು ಉಬ್ಬು ಇರಬೇಕು. ಮೀಸೆ ಕಣ್ಣಿಗೆ ಅಂಟಿದಂತಿದ್ದು ಬೆನ್ನಿನ ಉಬ್ಬು ಇಲ್ಲದಿದ್ದರೆ ಲೆಪಿಡೋಸ್ಟೊಮಾಟಿಡೇ.

ಪಕ್ಕದ ಕುಟುಂಬಗಳು: ನಡುಎದೆಯ ಫಲಕದ ಮುಂಅಂಚಿನ ಮಧ್ಯದಲ್ಲಿ ಕಚ್ಚು ಇದ್ದರೆ ನಿಯೋಫೈಲಾಕ್ಸ್. ನಡುಎದೆಯ ಪಕ್ಕ ಮುಂದಕ್ಕೆ ಚೂಪಾಗಿ ಚಾಚಿ, ಬೆನ್ನಿನ ಫಲಕಗಳು ಎರಡಕ್ಕಿಂತ ಹೆಚ್ಚು ತುಂಡಾಗಿದ್ದರೆ ಗೋಯೆರಿಡೇ. ಹಿಂಎದೆಯ ಬೆನ್ನಿನಲ್ಲಿ ಮುಂದಿನ ಜೋಡಿ ಫಲಕಗಳು ಇಲ್ಲದೆ ಅಲ್ಲಿ ಬರೀ ಅಡ್ಡ ಕೂದಲಿನ ಸಾಲು ಇದ್ದರೆ ಅಪಟಾನಿಡೇ ಎಂದು ಅನುಮಾನಿಸಿ. ಈ ಕೂದಲು ಆಲ್ಕೋಹಾಲಿನಲ್ಲಿ ಮಲಗಿರುತ್ತದೆ, ಮೇಲಿನಿಂದ ಬೆಳಕು ಬಿಟ್ಟರೆ ಕಾಣದು. ಪಕ್ಕದಿಂದ ಓರೆಯಾಗಿ ಬಿಡಿ.

ಪೆಟ್ಟಿಗೆಪಟ್ಟಿ:
ಬಹಳ ಉಪಯೋಗವಾಯಿತು. ಕುಟುಂಬದ ಹಂತ ಹೀಗೆ ದಾಟಬಹುದು. ಒಳಗಿನ ವಿಂಗಡಣೆ? ಪಟ್ಟಿಯಲ್ಲಿ ಉಪಕುಟುಂಬಕ್ಕೊಂದು, ಟ್ರೈಬ್‌ಗೊಂದು ಅಂಕಣ ಮಾಡಿದ್ದೇನೆ, ಎರಡನ್ನೂ ತುಂಬಲೇಬೇಕೇ?

ಶೀತಝರಿ:
ಉಪಕುಟುಂಬ ತುಂಬಿ. ಟ್ರೈಬ್ ಅಂಕಣ ಖಾಲಿ ಬಿಡಲು ಅವಕಾಶ ಇಟ್ಟುಕೊಳ್ಳಿ.

ಪಕ್ಕದ ಕುಟುಂಬಗಳನ್ನು ತೆಗೆದ ಮೇಲೆ ಉಳಿಯುವ ಉಪಕುಟುಂಬಗಳು ಮುಖ್ಯವಾಗಿ ನಾಲ್ಕು. ಡೈಕಾಸ್ಮೀಸಿನೇ: ಡೈಕಾಸ್ಮೀಕಸ್, ಒನೊಕಾಸ್ಮೀಕಸ್, ಎಕ್ಲಿಸೊಮಿಯಾ. ಉತ್ತರದವು ಎಂದು ಹೆಸರಾದ ಈ ಕುಟುಂಬದಲ್ಲಿ ದಕ್ಷಿಣಕ್ಕೂ ಹಬ್ಬಿರುವುದು ಈ ಉಪಕುಟುಂಬವೇ. ಚಿಲಿ ಮತ್ತು ಪ್ಯಾಟಗೋನಿಯಾ ಕಡೆ ವರ್ಜರ್, ಮೊನೊಕಾಸ್ಮೀಕಸ್ ಇವೆ, ಆಸ್ಟ್ರೇಲಿಯಾದಲ್ಲಿ ಆರ್ಕಿಯೋಫೈಲಾಕ್ಸ್ ಇದೆ. ಸ್ಯೂಡೋಸ್ಟೆನೊಫೈಲಾಸಿನೇ: ಹಿಮಾಲಯದಿಂದ ಚೀನಾದವರೆಗೆ ಇದರ ವೈವಿಧ್ಯ, ಸ್ಯೂಡೋಸ್ಟೆನೊಫೈಲಾಕ್ಸ್ ಕುಲದ ಕೆಲವು ಪ್ರಭೇದಗಳು ಮಾತ್ರ ಉತ್ತರ ಅಮೆರಿಕದಲ್ಲಿವೆ. ಡ್ರೂಸಿನೇ: ಯುರೋಪಿನ ಬೆಟ್ಟಗಳ ತಣ್ಣನೆಯ ಝರಿಗಳವು, ಏಷ್ಯಾ ಮೈನರ್ ಮತ್ತು ಕಾಕಸಸ್ ಕಡೆಗೂ ಇವೆ. ಲಿಮ್ನೆಫಿಲಿನೇ: ಉಳಿದ ದೊಡ್ಡ ರಾಶಿ. ಇದನ್ನು ಶ್ಮಿಡ್ ಲಿಮ್ನೆಫಿಲಿನಿ, ಸ್ಟೆನೊಫೈಲಾಸಿನಿ, ಕೀಟಾಪ್ಟೆರಿಜಿನಿ, ಕೈಲೋಸ್ಟಿಗ್ಮಿನಿ ಎಂದು ನಾಲ್ಕು ಟ್ರೈಬ್ ಮಾಡಿದರು.

ಡ್ರೂಸಿನೇ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಲಾರ್ವಾ ಮತ್ತು ವಯಸ್ಕ ಎರಡನ್ನೂ ಒಟ್ಟಿಗೆ ಓದಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಈ ಕುಟುಂಬದಲ್ಲಿ ಬೇರೆ ಇಲ್ಲ. ಇಲ್ಲಿ ಲಾರ್ವಾಗಳ ಊಟದ ಕ್ರಮ ಮೂರು ಬಗೆ. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವವು: ದವಡೆಯ ತುದಿ ಹಲ್ಲಿಲ್ಲದೆ ಉಳಿಯ ಬಾಯಿಯಂತೆ ನೇರ. ಎಲೆ ಚೂರು ಮಾಡಿ ಸಿಕ್ಕಿದ್ದೆಲ್ಲ ತಿನ್ನುವವು: ದವಡೆಯಲ್ಲಿ ಹಲ್ಲು. ಹರಿವ ನೀರಿನಲ್ಲಿ ಕಾಲು ಚಾಚಿ ಬೇಟೆ ಸೋಸಿ ಹಿಡಿಯುವವು: ದವಡೆಯಲ್ಲಿ ಹಲ್ಲು, ಜೊತೆಗೆ ಕಾಲುಗಳಲ್ಲೂ ಹೊಟ್ಟೆಯ ಮೊದಲ ಖಂಡದ ಕೆಳಗೂ ಉದ್ದನೆಯ ಸೋಸುಗೂದಲು. ಡ್ರೂಸಸ್ ಡಿಸ್ಕಲರ್ ಈ ಕೊನೆಯ ಬಗೆ. 2008ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನ ಈ ಊಟದ ಗುಂಪುಗಳೂ ವಂಶದ ಕವಲುಗಳೂ ಬಹುಮಟ್ಟಿಗೆ ತಾಳೆಯಾಗುವುದನ್ನು ತೋರಿಸಿತು. ವಯಸ್ಕಗಳ ರೆಕ್ಕೆ, ಜನನಾಂಗ ನೋಡಿ ಕಟ್ಟಿದ್ದ ಕುಲಗಳು ಮಾತ್ರ ಅದಕ್ಕೆ ಹೊಂದಲಿಲ್ಲ. ಹಾಗಾಗಿ ಹಳೆಯ ಚೀಟಿಯಲ್ಲಿ 'ಕ್ರಿಪ್ಟೋಥ್ರಿಕ್ಸ್ ನೆಬ್ಯುಲಿಕೋಲಾ' ಎಂದಿರುವುದು ಈಗಿನ ಪಟ್ಟಿಯಲ್ಲಿ 'ಡ್ರೂಸಸ್ ನೆಬ್ಯುಲಿಕೋಲಾ'.

ದವಡೆ ನೋಡುವಾಗ ಎಚ್ಚರ: ಎಲೆ, ಕಡ್ಡಿ ಕಡಿದು ಹಲ್ಲು ಸವೆದ ಹುಳ ಕೆರೆಯುವ ಬಗೆಯಂತೆ ಕಾಣುತ್ತದೆ. ಈಗಷ್ಟೇ ಪೊರೆ ಬಿಟ್ಟ ಹುಳ ಸಿಕ್ಕರೆ ಅದರಲ್ಲಿ ನೋಡಿ. ಇಲ್ಲವಾದರೆ ಒಂದೇ ಜಾಗದ ಹಲವು ಹುಳ ನೋಡಿ ನಿರ್ಧರಿಸಿ.

ಗೂಡುಹುಳ:
ಕಿವಿರಿನ ವಿಚಾರ ಸೇರಿಸುತ್ತೇನೆ. ಲಾರ್ವಾ ಕೀಲಿಗಳಲ್ಲಿ (ಒಂದೊಂದೇ ಲಕ್ಷಣ ಕೇಳುತ್ತ ಹೆಸರಿಗೆ ಒಯ್ಯುವ ಗುರುತುಪಟ್ಟಿಗಳಲ್ಲಿ) ಮೊದಲ ದೊಡ್ಡ ಕವಲು ಇದೇ. ಹೊಟ್ಟೆಯ ಕಿವಿರು ಒಂಟಿ ಎಳೆಯೋ, ಒಂದೇ ಬುಡದಿಂದ ಎರಡು ಮೂರು ಅಥವಾ ಹೆಚ್ಚು ಎಳೆ ಹೊರಟಿವೆಯೋ? ಲಿಮ್ನೆಫಿಲಿನಿಯಲ್ಲಿ ಕವಲೊಡೆದ ಕಿವಿರು. ಡ್ರೂಸಿನೇ, ಸ್ಟೆನೊಫೈಲಾಸಿನಿ, ಕೀಟಾಪ್ಟೆರಿಜಿನಿಗಳಲ್ಲಿ ಒಂಟಿ ಎಳೆ.

ನೋಡುವ ಬಗೆ: ಹುಳವನ್ನು ಆಲ್ಕೋಹಾಲಿನಲ್ಲಿ ಪೂರ್ತಿ ಮುಳುಗಿಸಿ, ತಳದಲ್ಲಿ ಸ್ವಲ್ಪ ಮರಳು ಹಾಕಿ ಅದರಲ್ಲಿ ಹೂತಂತೆ ನಿಲ್ಲಿಸಿ. ಎರಡು, ಮೂರನೇ ಖಂಡದ ಬೆನ್ನಿನ ಸಾಲು ನೋಡಿ. ಕವಲು ಇದ್ದರೆ ಅಲ್ಲಿ ಚೆನ್ನಾಗಿ ಕಾಣುತ್ತದೆ, ಹಿಂದಿನ ಖಂಡಗಳಲ್ಲಿ ಎಳೆಗಳು ಕಡಿಮೆಯಾಗುತ್ತ ಹೋಗುತ್ತವೆ. ಸಣ್ಣ ಸೂಜಿಯಿಂದ ಬುಡ ಸರಿಸಿಯೇ ಎಣಿಸಬೇಕು. ಎರಡು ಒಂಟಿ ಎಳೆಗಳು ಅಂಟಿಕೊಂಡು ಕವಲಿನಂತೆ ಕಾಣುವುದೂ, ಒಣಗಿ ಮುದುಡಿದ ಕವಲು ಒಂಟಿಯಂತೆ ಕಾಣುವುದೂ ಮಾಮೂಲಿ.

ಇನ್ನೊಂದು: ಹೊಟ್ಟೆಯ ಕೆಳಗಿನ ಕ್ಲೋರೈಡ್ ಎಪಿತೀಲಿಯಂ, ಅಂದರೆ ನೀರಿನಿಂದ ಅಯಾನು ಹೀರುವ ಅಂಡಾಕಾರದ ತೇಪೆಗಳು. ಯಾವ ಖಂಡದಿಂದ ಯಾವ ಖಂಡದವರೆಗೆ, ಕೆಳಗೆ ಮಾತ್ರವೋ ಬೆನ್ನಲ್ಲೂ ಪಕ್ಕದಲ್ಲೂ ಇವೆಯೋ ಎಂಬುದನ್ನು ಕೀಲಿಗಳು ಕೇಳುತ್ತವೆ. ಆಲ್ಕೋಹಾಲಿನಲ್ಲಿ ಮುಳುಗಿದ್ದಾಗ ಇವು ಕಾಣುವುದೇ ಇಲ್ಲ. ಹುಳವನ್ನು ಹೊರತೆಗೆದು ಕಾಗದದ ಮೇಲೆ ಮೇಲ್ಮೈ ಮಂಕಾಗುವವರೆಗೆ ಆರಲು ಬಿಡಿ, ಓರೆ ಬೆಳಕಿನಲ್ಲಿ ತೆಳು ಗೆರೆಯ ಅಂಚಿನ ತೇಪೆ ಎದ್ದು ಕಾಣುತ್ತದೆ. ಕಂಡ ತಕ್ಷಣ ಬರೆದುಕೊಂಡು ವಾಪಸ್ ಮುಳುಗಿಸಿ, ಹೆಚ್ಚು ಹೊತ್ತು ಬಿಟ್ಟರೆ ಹೊಟ್ಟೆ ಸುಕ್ಕುಗಟ್ಟುತ್ತದೆ.

ಈ ಕೀಲಿಗಳೆಲ್ಲ ಐದನೇ, ಅಂದರೆ ಕೊನೆಯ ಹಂತದ ಲಾರ್ವಾಗೆ ಬರೆದವು. ಅದಕ್ಕಿಂತ ಚಿಕ್ಕ ಹುಳದಲ್ಲಿ ಕೂದಲೂ ಕಿವಿರೂ ಕಡಿಮೆ. ತಲೆಯ ಅಗಲ ಅಳೆದು ಹಂತ ಖಚಿತಪಡಿಸಿಕೊಳ್ಳದೆ ಕೀಲಿಯೊಳಗೆ ಇಳಿಯಬೇಡಿ.

ಸೂಜಿಮೊನೆ:
ಟ್ರೈಬ್ ಅಂಕಣ ಖಾಲಿ ಬಿಡಿ ಎಂಬ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ವಯಸ್ಕ ಕೀಟಾಪ್ಟೆರಿಕ್ಸ್ ಕೈಗೆ ಬಂದರೆ ರೆಕ್ಕೆಯ ಮೇಲಿನ ನೆಟ್ಟಗಿನ ಗಡುಸು ಕೂದಲೇ ಸಾಕು. ಶರತ್ಕಾಲದ ಕೊನೆಗೆ ಹಾರುತ್ತವೆ. ಇಷ್ಟು ಸ್ಪಷ್ಟ ಗುಂಪಿಗೆ ಹೆಸರು ಹಾಕದೆ ಬಿಡುವುದೇಕೆ?

ಶೀತಝರಿ:
ಕುಲ ಗುರುತಿಸಲು ಆ ಕೂದಲು ಸಾಕು ನಿಜ, ಟ್ರೈಬ್ ಒಂದೇ ವಂಶದ್ದು ಎಂದು ಹೇಳಲು ಸಾಲದು. ಕೀಟಾಪ್ಟೆರಿಜಿನಿ ಮತ್ತು ಸ್ಟೆನೊಫೈಲಾಸಿನಿ ಲಾರ್ವಾಗಳನ್ನು ಬೇರ್ಪಡಿಸುವ ಒಂದೇ ಒಂದು ನಂಬಿಕೆಯ ಲಕ್ಷಣ ಟ್ರೈಬ್ ಮಟ್ಟದಲ್ಲಿ ಇಲ್ಲ. ಅದಕ್ಕೇ ಯುರೋಪಿನ ಕೀಲಿಗಳು ಇವನ್ನು ಒಟ್ಟಿಗೆ ನಡೆಸಿಕೊಂಡು ಹೋಗುತ್ತವೆ. ಹಾರುವ ಕಾಲವನ್ನಂತೂ ವರ್ಗೀಕರಣಕ್ಕೆ ತರಲೇಬೇಡಿ. ಡೈಕಾಸ್ಮೀಕಸ್ ಹಾರುವುದೂ ಶರತ್ಕಾಲದಲ್ಲೇ. ಕೈಲೋಸ್ಟಿಗ್ಮಿನಿಯ ಸೈಕೋಗ್ಲೈಫಾ ಹಿಮದ ಮೇಲೆ ನಡೆದಾಡುತ್ತದೆ, ಮಿನೆಸೋಟದ ಕೈಲೋಸ್ಟಿಗ್ಮಾ ಇಟಾಸ್ಕೇ ಕೂಡ ಚಳಿಗಾಲದ ನೊಣವೇ. ಸ್ಟೆನೊಫೈಲಾಕ್ಸ್ ಮತ್ತು ಮೈಕ್ರಾಪ್ಟರ್ನಾ ಬೇಸಿಗೆಯನ್ನು ಗವಿಗಳಲ್ಲಿ ಕಳೆದು ಶರತ್ಕಾಲಕ್ಕೆ ಹೊರಬಂದು ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ಬತ್ತುವ ನೀರು, ಚಳಿ ಇವೆರಡಕ್ಕೂ ಬೇರೆ ಬೇರೆ ವಂಶಗಳು ಒಂದೇ ಉತ್ತರ ಕಂಡುಕೊಂಡಿವೆ.

ರೆಕ್ಕೆ ಮೊಟಕಾಗುವುದೂ ಹಾಗೆಯೇ. ಆನಿಟೆಲ್ಲಾದ ಕೆಲವು ಹೆಣ್ಣುಗಳಲ್ಲಿ ರೆಕ್ಕೆ ಗಿಡ್ಡ, ನೆಲದ ಮೇಲೆಯೇ ಲಾರ್ವಾ ಬೆಳೆಯುವ ಎನೊಯಿಸಿಲಾ ಪುಸಿಲ್ಲಾದ ಹೆಣ್ಣಿಗೆ ಹಾರುವ ರೆಕ್ಕೆಯೇ ಇಲ್ಲ, ಕೆನಡಾದ ವಾಯುವ್ಯ ಟಂಡ್ರಾದ ಸ್ಫ್ಯಾಗ್ನೋಫೈಲಾಕ್ಸ್ ಮಿಯೋಪ್ಸ್‌ನಲ್ಲೂ ರೆಕ್ಕೆ ಕುಗ್ಗಿದೆ. ಮೂರನ್ನೂ ಒಂದು ಗುಂಪಿಗೆ ಯಾರೂ ಹಾಕುವುದಿಲ್ಲ.

ಸೂಜಿಮೊನೆ:
ಹಾರುವ ಕಾಲದ ಮಾತು ಬಿಟ್ಟೆ. ಆದರೆ ಕುಲ ಖಚಿತವಿದ್ದಾಗ ಟ್ರೈಬ್ ತನ್ನಷ್ಟಕ್ಕೆ ಬರುತ್ತದಲ್ಲ. 'ಶ್ಮಿಡ್ 1955ರ ಅರ್ಥದಲ್ಲಿ' ಎಂದು ಸೇರಿಸಿ ತುಂಬಿದರೆ ಯಾರಿಗೂ ನಷ್ಟವಿಲ್ಲ. ಖಾಲಿ ಅಂಕಣ ನೋಡಿದವರು ಗುರುತಿಸಲಾಗಲಿಲ್ಲ ಎಂದೇ ಓದುತ್ತಾರೆ.

ಶೀತಝರಿ:
ಕುಲ ಖಚಿತವಿದ್ದರೆ ಹಾಗೆ ಮಾಡಬಹುದು. ಲಾರ್ವಾ ಶೀಶೆಗೆ ಬೇಡ, ಅಲ್ಲಿ 'ಸ್ಟೆನೊಫೈಲಾಸಿನಿ/ಕೀಟಾಪ್ಟೆರಿಜಿನಿ' ಎಂದು ಓರೆಗೆರೆ ಹಾಕಿ ಬರೆಯುವುದೇ ಸರಿ.

ಪೆಟ್ಟಿಗೆಪಟ್ಟಿ:
ಅತಿ ಹೆಚ್ಚು ಚೀಟಿ ಇರುವುದು ಲಿಮ್ನೆಫಿಲಸ್ ಕುಲಕ್ಕೇ. ಅದರಲ್ಲಿ ಪ್ರಭೇದದ ಹೆಸರಿಲ್ಲದ ಗಂಡುಗಳು ಬಹಳ. ಜನನಾಂಗ ತೆಗೆಯುವ ಸರಿಯಾದ ಕ್ರಮ ಯಾರಾದರೂ ತಿಳಿಸಿ.

ಸೂಜಿಮೊನೆ:
ಲಿಮ್ನೆಫಿಲಸ್ ಈ ಕುಟುಂಬದ ಅತಿ ದೊಡ್ಡ ಕುಲ, ಅದರ ಗಡಿಯೇ ಇನ್ನೂ ಗಟ್ಟಿಯಾಗಿಲ್ಲ. ವ್ಶಿವ್ಕೋವಾ, ಮೋರ್ಸ್, ರೂಟರ್ 2007ರಲ್ಲಿ ಈ ಕುಲದ ವ್ಯಾಪ್ತಿಯನ್ನೇ ಮರುಪರಿಶೀಲನೆಗೆ ಎತ್ತಿಕೊಂಡರು. ಒಂದೇ ನೊಣ ಒಂದು ಪಟ್ಟಿಯಲ್ಲಿ 'ಲಿಮ್ನೆಫಿಲಸ್ ಇನ್ಸೈಸಸ್', ಇನ್ನೊಂದರಲ್ಲಿ 'ಕಾಲ್ಪೊಟೌಲಿಯಸ್ ಇನ್ಸೈಸಸ್' ಎಂದು ಸಿಗುತ್ತದೆ. ಪ್ರಭೇದದ ಮಟ್ಟದಲ್ಲಿ ಮಾತ್ರ ಗಂಡಿನ ಜನನಾಂಗ ಕೈಬಿಡುವುದಿಲ್ಲ.

ಕ್ರಮ: ಒಣ ನೊಣವಾದರೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಒಂದು ರಾತ್ರಿ ಇಟ್ಟು ಮೆದು ಮಾಡಿ. ಹೊಟ್ಟೆಯನ್ನು ಬುಡದಲ್ಲಿ ಬೇರ್ಪಡಿಸಿ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕೋಣೆಯ ಉಷ್ಣತೆಯಲ್ಲೇ 8ರಿಂದ 12 ಗಂಟೆ ಬಿಡಿ. ಅವಸರಕ್ಕೆ ಕುದಿಸಿದರೆ ಒಳಗೆ ಗುಳ್ಳೆ ಎದ್ದು ಶಿಶ್ನದ ಪೊರೆ ಉಬ್ಬಿ ಆಕಾರ ಕೆಡುತ್ತದೆ, ಪ್ಯಾರಮಿಯರ್ (ಶಿಶ್ನದ ಪಕ್ಕದ ಕಡ್ಡಿಯಂಥ ಜೋಡಿ ಅಂಗ) ತುದಿಯ ಮುಳ್ಳುಗೂದಲು ಉದುರುತ್ತವೆ. ಲಿಮ್ನೆಫಿಲಸ್‌ನಲ್ಲಿ ಪ್ರಭೇದ ಹೇಳುವುದು ಎಷ್ಟೋ ಸಲ ಆ ಕೂದಲೇ. ಆಮೇಲೆ ನೀರಿನಲ್ಲಿ ತೊಳೆದು, ಎರಡು ಮೂರು ಹನಿ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ಗ್ಲಿಸರಿನ್‌ಗೆ ದಾಟಿಸಿ.

ಶೇ. 85ರ ಲ್ಯಾಕ್ಟಿಕ್ ಆಮ್ಲ ಇನ್ನೂ ಒಳ್ಳೆಯದು. ಅದರಲ್ಲಿ ಹೊಟ್ಟೆಯನ್ನು ಬಿಸಿ ಮಾಡಿದರೆ ಮಾಂಸ ಕರಗುತ್ತದೆ, ಪೊರೆ ಉಳಿಯುತ್ತದೆ. ಸಣ್ಣ ಸಿರಿಂಜಿನಿಂದ ಬಿಸಿ ನೀರು ಚಿಮ್ಮಿಸಿದರೆ ಒಳಗಿನದೆಲ್ಲ ಹೊರಬಂದು, ಎಷ್ಟೋ ಸಲ ಶಿಶ್ನವೂ ತಾನಾಗಿ ಹೊರಚಾಚುತ್ತದೆ.

ನೋಡಬೇಕಾದದ್ದು ಎಂಟನೇ ಖಂಡದ ಬೆನ್ನಿನ ಮುಳ್ಳುಪಟ್ಟಿ, ಮೇಲಿನ ಉಪಾಂಗ, ನಡು ಉಪಾಂಗ, ಕೆಳ ಉಪಾಂಗ, ಪ್ಯಾರಮಿಯರ್. ಪಕ್ಕದಿಂದ, ಹಿಂದಿನಿಂದ, ಮೇಲಿನಿಂದ ಮೂರೂ ಕೋನ ಬೇಕು. ಕೆಳ ಉಪಾಂಗವನ್ನು ಸ್ವಲ್ಪ ವಾರೆ ನೋಡಿದರೂ ಬೇರೆ ಪ್ರಭೇದದಂತೆ ಕಾಣುತ್ತದೆ, ಚಿತ್ರದ ಕೋನಕ್ಕೆ ಸರಿಯಾಗಿ ಮಣ್ಣಿನಂತೆ ಮೆತ್ತಗಿರುವ ಜೆಲ್‌ನಲ್ಲಿ ನಿಲ್ಲಿಸಿ. ಮುಗಿದ ಮೇಲೆ ಗ್ಲಿಸರಿನ್ ಇರುವ ಪುಟ್ಟ ಶೀಶೆಗೆ ಹಾಕಿ ಅದೇ ಸೂಜಿಗೆ ಚುಚ್ಚಿ. ಹೊಟ್ಟೆ ಒಂದು ಕಡೆ, ನೊಣ ಒಂದು ಕಡೆ ಆದರೆ ಎರಡೂ ವ್ಯರ್ಥ.

ತಂತುನೂಲು:
ಡಿಎನ್ಎ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಸಿಒಐ ಬಾರ್‌ಕೋಡ್ ಎಂದರೆ 658 ಬೇಸ್ ಜೋಡಿಯ ಮೈಟೊಕಾಂಡ್ರಿಯದ ತುಣುಕು. ಹೆಸರಿಲ್ಲದ ಲಾರ್ವಾವನ್ನು ಹೆಸರಿರುವ ಗಂಡಿಗೆ ಜೋಡಿಸಲು ಅದು ಬಹಳ ಒಳ್ಳೆಯದು. ಟ್ರೈಬ್, ಉಪಕುಟುಂಬದ ಜಗಳ ತೀರಿಸಲು ಅದರಿಂದ ಆಗದು. ಅಷ್ಟು ಹಳೆಯ ಕವಲುಗಳಲ್ಲಿ ಒಂದೇ ಸ್ಥಾನ ಮತ್ತೆ ಮತ್ತೆ ಬದಲಾಗಿ ಸುಳಿವು ಅಳಿಸಿಹೋಗಿರುತ್ತದೆ, ವಿಶೇಷವಾಗಿ ಮೂರು ಬೇಸ್‌ಗಳ ಗುಂಪಾದ ಕೋಡಾನ್‌ನ ಮೂರನೇ ಸ್ಥಾನ. ಅದಕ್ಕೆ ನ್ಯೂಕ್ಲಿಯರ್ ಜೀನುಗಳು ಬೇಕು. ಬಾರ್‌ಕೋಡ್ ಮರದ ಬುಡ ನೋಡಿ ಉಪಕುಟುಂಬ ಬರೆಯುವುದು ಈ ಗುಂಪಿನಲ್ಲಿ ಕಾಣುವ ಕೆಟ್ಟ ಚಟ.

ಹಳೆಯ ಒಣ ನೊಣಗಳಲ್ಲಿ ಡಿಎನ್ಎ ಚೂರುಚೂರಾಗಿರುತ್ತದೆ, ಪೂರ್ತಿ 658 ಬಾರದು. ಸುಮಾರು 130 ಬೇಸ್ ಜೋಡಿಯ ಕಿರು ತುಣುಕಿಗೆ ಪ್ರಯತ್ನಿಸಿ. ಇನ್ನೊಂದು ಉಪಾಯ: ಹೊಟ್ಟೆಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಪೊಟ್ಯಾಶ್‌ಗೆ ಹಾಕುವ ಬದಲು ಪ್ರೋಟೀನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ) ಇರುವ ದ್ರಾವಣದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಡಿ. ಡಿಎನ್ಎ ದ್ರಾವಣಕ್ಕೆ ಬರುತ್ತದೆ, ಮಾಂಸ ಕರಗಿದ ಜನನಾಂಗ ಹಾಗೇ ಕೈಗೆ ಸಿಗುತ್ತದೆ. ಪೊಟ್ಯಾಶ್ ಒಮ್ಮೆ ಹಾಕಿದ ಹೊಟ್ಟೆಯಿಂದ ಡಿಎನ್ಎ ನಿರೀಕ್ಷಿಸಬೇಡಿ.

ಹೊಸ ಲಾರ್ವಾಗಳನ್ನು ಶೇ. 95ರ ಎಥನಾಲ್‌ಗೇ ಹಾಕಬೇಕು. ಗೂಡಿನೊಳಗೆ ನೀರು ನಿಂತಿರುವುದರಿಂದ ಎಥನಾಲ್ ತೆಳುವಾಗುತ್ತದೆ. ಶೀಶೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ, 24 ಗಂಟೆಯೊಳಗೆ ಒಮ್ಮೆ ಬದಲಿಸಿ.

ಗೂಡುಹುಳ:
ಡಿಎನ್ಎ ಇಲ್ಲದೆಯೂ ಲಾರ್ವಾ ಮತ್ತು ಗಂಡನ್ನು ಜೋಡಿಸಬಹುದು. ಹೊರಬರಲು ಸಿದ್ಧವಾದ ಗಂಡು ಪ್ಯೂಪಾ ಇರುವ ಗೂಡು ಹುಡುಕಿ. ಪ್ಯೂಪಾ ಚರ್ಮದೊಳಗೆ ವಯಸ್ಕ ಜನನಾಂಗ ಪೂರ್ತಿ ಬೆಳೆದಿರುತ್ತದೆ, ಲಾರ್ವಾ ಕಳಚಿದ ತಲೆ ಮತ್ತು ಎದೆಯ ಫಲಕಗಳು ಸಾಮಾನ್ಯವಾಗಿ ಗೂಡಿನ ಹಿಂತುದಿಯಲ್ಲಿ ಒತ್ತಿಕೊಂಡಿರುತ್ತವೆ. ಒಂದೇ ಗೂಡಿನಲ್ಲಿ ಎರಡೂ ಸಾಕ್ಷಿ. ನಿಮ್ಮ ಶೀಶೆಗಳಲ್ಲಿ ಬಾಯಿ ಮುಚ್ಚಿದ ಗೂಡುಗಳಿದ್ದರೆ ಬಿಸಾಡಬೇಡಿ, ಹಿಂತುದಿಯಿಂದ ನಿಧಾನವಾಗಿ ಬಿಚ್ಚಿ. ಫಲಕಗಳು ಹೊರಗೆ ತೊಳೆದುಹೋಗಿರುವುದೂ ಉಂಟು.

ಹೊಳೆಗಲ್ಲು:
ಪಟ್ಟಿಯ ಅಂಕಣಗಳ ಬಗ್ಗೆ ಇಷ್ಟು: ಹಳೆಯ ಚೀಟಿಯಲ್ಲಿರುವುದನ್ನು ತಪ್ಪು ಕಾಗುಣಿತ ಸಮೇತ ಒಂದು ಅಂಕಣದಲ್ಲಿ ಹಾಗೆಯೇ ನಕಲಿಸಿ. ಈಗಿನ ಹೆಸರು ಬೇರೆ ಅಂಕಣ, ಯಾರು ಗುರುತಿಸಿದರು, ಯಾವ ಇಸವಿ, ಯಾವ ಪಟ್ಟಿಯ ಪ್ರಕಾರ ಎಂಬುದಕ್ಕೆ ಮತ್ತೊಂದು. ಲಾರ್ವಾ, ಪ್ಯೂಪಾ, ಗಂಡು, ಹೆಣ್ಣು ಯಾವುದರ ಮೇಲೆ ಗುರುತಿಸಿದ್ದು ಎಂಬ ಅಂಕಣ ಬಹಳ ಜನ ಬಿಡುತ್ತಾರೆ, ಟ್ರೈಬ್ ಬದಲಾದಾಗ ಮೊದಲು ಬೇಕಾಗುವುದು ಅದೇ.

ಹೆಸರಿಟ್ಟವರ ಸುತ್ತಲಿನ ಕಂಸವನ್ನು ಅಲಂಕಾರ ಎಂದು ತೆಗೆಯಬೇಡಿ. ಲಿಮ್ನೆಫಿಲಸ್ ರಾಂಬಿಕಸ್ (ಲಿನೇಯಸ್, 1758) ಎಂದರೆ ಲಿನೇಯಸ್ ಅದನ್ನು ಬೇರೆ ಕುಲದಲ್ಲಿ, ಫ್ರಿಗಾನಿಯಾದಲ್ಲಿ, ಹೆಸರಿಸಿದ್ದರು ಎಂದರ್ಥ. ಕುಲ ಬದಲಿಸಿದಾಗಲೆಲ್ಲ ಕಂಸ ಬರಬೇಕೋ ಹೋಗಬೇಕೋ ನೋಡಿ, ಎಕ್ಸೆಲ್‌ನಲ್ಲಿ ಹುಡುಕಿ-ಬದಲಿಸು ಕೊಟ್ಟರೆ ಇದು ತಪ್ಪುತ್ತದೆ.

ಹಳೆಯ ಚೀಟಿ ಕೀಳದೆ ಅದರ ಕೆಳಗೆ ಹೊಸದನ್ನು ಚುಚ್ಚಿ. ಪ್ರಭೇದ ಹೇಳಲಾಗದ ಹೆಣ್ಣುಗಳಿಗೆ ಕುಲದ ಹೆಸರಿಗೆ ನಿಲ್ಲಿಸಿ, ಜನನರಂಧ್ರದ ಕೆಳಗಿರುವ ಮೂರು ಹಾಲೆಯ ವಲ್ವರ್ ಸ್ಕೇಲ್‌ನ ಫೋಟೋ ತೆಗೆದು ದಾಖಲೆಗೆ ಜೋಡಿಸಿ.

ಪೆಟ್ಟಿಗೆಪಟ್ಟಿ:
ಎಲ್ಲರಿಗೂ ಧನ್ಯವಾದ. ಮೊದಲು ನೆತ್ತಿಯ ಕಣ್ಣು ಮತ್ತು ಸ್ಪರ್ ಲೆಕ್ಕದಿಂದ ಗೋಯೆರಿಡೇ, ಅಪಟಾನಿಡೇ ಬೇರೆ ತೆಗೆಯುತ್ತೇನೆ. ನಿಯೋಫೈಲಾಕ್ಸ್ ಅನ್ನು ಥ್ರೆಮ್ಮಾಟಿಡೇ ಎಂದು ಹಾಕಿ, ಪಟ್ಟಿಯ ಹೆಸರು ಪಕ್ಕದಲ್ಲಿ ಬರೆಯುತ್ತೇನೆ. ಒಂದು ಸಣ್ಣ ಸಂಶಯ: ಬಾಯಿ ಮುಚ್ಚಿದ ಗೂಡುಗಳು ಇರುವ ಶೀಶೆಗಳಲ್ಲಿ ಆಲ್ಕೋಹಾಲ್ ಅರ್ಧ ಆರಿದೆ. ಹಾಗೇ ಬಿಚ್ಚಬಹುದೇ?

ಗೂಡುಹುಳ:
ಬೇಡ. ಮೊದಲು ಶೇ. 50ರ ಆಲ್ಕೋಹಾಲ್ ತುಂಬಿ ಒಂದು ದಿನ ಬಿಡಿ, ಆಮೇಲೆ 80ಕ್ಕೆ ದಾಟಿಸಿ. ಒಣಗಿದ ರೇಷ್ಮೆ ಮೆದುವಾಗದೆ ಬಿಚ್ಚಿದರೆ ಫಲಕಗಳು ಪುಡಿಯಾಗುತ್ತವೆ.